ಹಲಗೆಯ ಹಿಂಬದಿ

ಶಾಲೆಗಳ ವಾರ್ಷಿಕೋತ್ಸವದಲ್ಲಿ ಹಲಗೆ ಒಡೆಯುವ ಮಕ್ಕಳನ್ನು ನಮ್ಮ ಓದುಗರಲ್ಲಿ ಬಹುತೇಕರು ಕಂಡಿದ್ದೀರಿ. ಭರತನಾಟ್ಯ ಮುಗಿದು ಕೋಲಾಟ ಆರಂಭವಾಗುವ ನಡುವಿನ ಹೊತ್ತಿನಲ್ಲಿ, ಬಿಳಿಯ ಉಡುಪು ತೊಟ್ಟು ಸೊಂಟಕ್ಕೆ ಬಣ್ಣದ ಪಟ್ಟಿ ಬಿಗಿದ ಹತ್ತಾರು ಮಕ್ಕಳು ವೇದಿಕೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಮಾಸ್ಟರರ ಒಂದು ಕೂಗಿಗೆ ಎಲ್ಲರೂ ಕೂಗುತ್ತಾರೆ. ಕೊನೆಯಲ್ಲಿ ಒಂದು ಮಗು ಮುಂದೆ ಬರುತ್ತದೆ. ಇಬ್ಬರು ಹಲಗೆ ಹಿಡಿಯುತ್ತಾರೆ. ಫಟ್ಟೆಂಬ ಸದ್ದು, ಅದರ ಬೆನ್ನಿಗೇ ಚಪ್ಪಾಳೆ. ಮಗು ನೋಡುವುದು ಹಲಗೆಯ ಮುಂಬದಿಯನ್ನು; ಸಭೆ ನೋಡುವುದು ಮಗುವನ್ನು. ಹಲಗೆಯ ಹಿಂಬದಿ ಕಾಣುವುದು ಅದನ್ನು ಹಿಡಿದು ನಿಂತವರಿಗೆ ಮಾತ್ರ. ಹೋದ ವರ್ಷ ಹಾಗೆ ಹಿಡಿದು ನಿಂತವರಲ್ಲಿ ನಾನೂ ಒಬ್ಬನಾಗಿದ್ದೆ.

ನಂಜನಗೂಡು ತಾಲ್ಲೂಕಿನ ದೇವನೂರಿನ ಆಸುಪಾಸಿನ ಹಳ್ಳಿಗಳಿಂದ ಮಕ್ಕಳು ಬರುವ ಶಾಲೆ ಅದು. ದೇವನೂರೆಂದರೆ ಕನ್ನಡ ಓದುವವರಿಗೆ ದೇವನೂರ ಮಹಾದೇವರ ಊರು. ಆ ಸೀಮೆಯ ಜನರಿಗೆ ಗುರುಮಲ್ಲೇಶ್ವರರ ದಾಸೋಹದ ಊರು. ನನಗೆ ಮಾತ್ರ ಈಗೊಂದು ವರ್ಷದಿಂದ ಅದು ಒಂದು ಹಲಗೆಯ ಊರಾಗಿದೆ. ಅತಿಥಿಯಾಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಬಳಿಗೆ ಕರಾಟೆ ಮಾಸ್ಟರ್ ಬಂದು, "ಫಾದರ್, ಒಂದು ಕಡೆ ನೀವೇ ಹಿಡ್ಕೊಳ್ಳಿ, ಮಗೂಗೆ ಧೈರ್ಯ ಬರ್ತದೆ" ಎಂದರು. ಎಂಟನೆಯ ತರಗತಿಯ ಹುಡುಗಿ. ಅಡಿ ಉದ್ದ, ಅಡಿ ಅಗಲ, ಒಂದು ಅಂಗುಲ ದಪ್ಪದ ಹಲಗೆ. ಮೊಣಕೈ ಸಡಿಲಿಸಬಾರದು, ಹಿಂದೆ ಸರಿಯಬಾರದು, ಹಿಡಿದವರು ಸರಿದರೆ ಹೊಡೆದವರ ಕೈಗೆ ಪೆಟ್ಟು ಎಂದು ಅವರು ನನಗೆ ಎರಡೇ ಮಾತಿನಲ್ಲಿ ಪಾಠ ಹೇಳಿದರು. ಹಲಗೆಯ ಬೆನ್ನಿಗೆ ಬೆರಳೂರಿದೆ. ಬೆರಳಿಗೆ ಒಂದು ಗೆರೆ ಸಿಕ್ಕಿತು. ಬಗ್ಗಿ ನೋಡಿದೆ: ನಡುವಿಗೆ ಸರಿಯಾಗಿ, ಈ ಅಂಚಿನಿಂದ ಆ ಅಂಚಿಗೆ, ಗರಗಸದ ಗೀರು, ಅರ್ಧ ದಪ್ಪದಷ್ಟಾದರೂ ಆಳ.

ತಲೆ ಎತ್ತಿದಾಗ ಹುಡುಗಿ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಆಕೆಯ ತುಟಿ ನಡುಗುತ್ತಿತ್ತು. ಆ ನಡುಕದಲ್ಲಿ ಸುಳ್ಳಿರಲಿಲ್ಲ. ಉಸಿರು ಬಿಗಿಹಿಡಿದು, ಕೂಗಿ, ಅಂಗೈಯ ಬುಡದಿಂದ ಹೊಡೆದಳು. ಹಲಗೆ ಎರಡಾಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಕೈಯಲ್ಲುಳಿದ ತುಂಡನ್ನು ಗೀರು ಕಾಣದಂತೆ ಬೋರಲು ಮೇಜಿನ ಮೇಲಿಟ್ಟು ನಾನೂ ಚಪ್ಪಾಳೆ ತಟ್ಟಿದೆ. ಹಾಗೆ ಬೋರಲು ಇಟ್ಟೆನಲ್ಲ, ಅದನ್ನೇ ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಆ ರಾತ್ರಿ ಇದೇನೂ ದೊಡ್ಡ ಸಂಗತಿಯಾಗಿ ತೋರಲಿಲ್ಲ. ಮಗು ಹಿಗ್ಗಿತು, ಯಾರಿಗೂ ನಷ್ಟವಾಗಲಿಲ್ಲ ಎಂದುಕೊಂಡೆ. ವಾರ ಕಳೆದ ಮೇಲೆ ಆ ಹುಡುಗಿಯ ತಾಯಿ ಒಂದು ಚಿಪ್ಪು ರಸಬಾಳೆ ಹಿಡಿದು ಬಂದರು. ಕೃತಜ್ಞತೆ ಹೇಳಲು ಬಂದದ್ದು. ಆ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಗೊತ್ತು: ಕಬ್ಬು ಆಳೆತ್ತರ ಬೆಳೆದಾಗ ಎರಡೂ ಬದಿಗೆ ಗೋಡೆ ಕಟ್ಟಿದಂತಾಗಿ, ಮಬ್ಬುಗತ್ತಲೆಯಲ್ಲಿ ಗಂಡಸರೂ ಹೆಜ್ಜೆ ಚುರುಕು ಮಾಡುತ್ತಾರೆ. ಬಸ್ಸಿಳಿದು ಮನೆಗೆ ಆ ದಾರಿಯಲ್ಲಿ ನಡೆಯಬೇಕಾದ ಮಗಳನ್ನು ಕರೆತರಲು ತಾಯಿ ದಿನವೂ ಕೂಲಿಯಿಂದ ಬೇಗ ಬರುತ್ತಿದ್ದರು. "ಇನ್ ಅದ್ರ ತಾಪತ್ರಯ ಇಲ್ಲ ಫಾದರ್. ಅವ್ಳೇ ಹೇಳವ್ಳೆ, ನೀ ಬರ್ಬ್ಯಾಡ ಕನವ್ವ, ನಂಗ್ ಭಯ ಇಲ್ಲ, ಕೊನೆ ಬಸ್ಸಲ್ಲಿ ಒಬ್ಳೇ ಬತ್ತೀನಿ ಅಂತ" ಎಂದರು. ಒಬ್ಬ ತಾಯಿಯ ಮುಖದಲ್ಲಿ ಅಂಥ ನಿರಾಳವನ್ನು ಕಂಡು ನನಗೆ ಸಂತೋಷವಾಗಬೇಕಿತ್ತು. ಬಾಯಿ ಒಣಗಿತು. ಆ ಮಗು ಕತ್ತಲೆಯ ದಾರಿಗೆ ಹೊರಟಿರುವುದು ಒಂದು ಗರಗಸದ ಗೀರಿನ ಬಲದ ಮೇಲೆ ಎಂಬುದು ಆಗ ನನಗೆ ಹೊಳೆಯಿತು.

ಹಲಗೆ ಒಡೆಯುವ ವಿದ್ಯೆಯ ವಿಷಯವಾಗಿ ಆ ಬಳಿಕ ನಾನು ಓದಿದ್ದನ್ನು, ಕೇಳಿದ್ದನ್ನು ಸ್ವಲ್ಪ ಹೇಳಬೇಕು. ನನ್ನ ತಲೆಮಾರಿನವರಿಗೆ ಕರಾಟೆ ಬಂದದ್ದು ಚಿತ್ರಮಂದಿರದಿಂದ. ಶಂಕರ್ ನಾಗ್ ಅವರನ್ನು ಕರಾಟೆ ಕಿಂಗ್ ಎಂದು ಕೂಗಿ ಕರೆದ ಕಾಲ ಅದು; ನಾವು ಹುಡುಗರು ಹಿತ್ತಲಲ್ಲಿ ಮಂಗಳೂರು ಹೆಂಚಿನ ಮೇಲೆ ಕೈ ಪ್ರಯೋಗ ಮಾಡಿ ಮನೆಯಲ್ಲಿ ಏಟು ತಿಂದಿದ್ದೇವೆ. (1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನವರು ಅದರ ಈ ಉಪಯೋಗವನ್ನು ಕನಸಿನಲ್ಲಿಯೂ ಎಣಿಸಿರಲಾರರು.) ಆದರೆ ಕರಾಟೆಯ ಮೂಲದಲ್ಲಿ ಒಡೆಯುವುದಕ್ಕೆ ಅಷ್ಟು ದೊಡ್ಡ ಸ್ಥಾನವಿಲ್ಲ. 1922ರಲ್ಲಿ ಒಕಿನಾವಾ ದ್ವೀಪದಿಂದ ಟೋಕಿಯೋಗೆ ಈ ವಿದ್ಯೆಯನ್ನು ತಂದು ತೋರಿಸಿದ ಗಿಚಿನ್ ಫುನಾಕೋಶಿ ಒಬ್ಬ ಶಾಲಾ ಉಪಾಧ್ಯಾಯರು. ಹಲಗೆ ಹೆಂಚುಗಳನ್ನು ಒಡೆಯುವುದೇ ಕರಾಟೆಯ ತಿರುಳೆಂದು ಅವರು ಎಣಿಸಲಿಲ್ಲ. ಕರಾಟೆ ಎಂಬ ಪದವನ್ನು ಇಂದು ಬರೆಯುವ ಲಿಪಿಯಲ್ಲಿ ಅದರ ಅರ್ಥ ಬರಿಗೈ ಎಂದು. ಜಪಾನಿ ಭಾಷೆಯಲ್ಲಿ ಒಡೆಯುವ ಕ್ರಿಯೆಗೆ 'ತಮೆಶಿವಾರಿ' ಎನ್ನುತ್ತಾರೆ. ಒಡೆದು ಪರೀಕ್ಷಿಸಿಕೊಳ್ಳುವುದು ಎಂದಷ್ಟೇ ಅದರ ಭಾವ. ತಾನು ಕಲಿತದ್ದು ನಿಜವೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆಯಾಗಿ ಹುಟ್ಟಿದ್ದು ಮುಂದೆ ಬೇರೆಯವರಿಗೆ ತೋರಿಸುವ ಉತ್ತರವಾಯಿತು. 1973ರ 'ಎಂಟರ್ ದ ಡ್ರ್ಯಾಗನ್' ಚಿತ್ರದಲ್ಲಿ ತನ್ನ ಮುಂದೆ ಹಲಗೆ ಒಡೆದು ಮೆರೆದ ಎದುರಾಳಿಗೆ ಬ್ರೂಸ್ ಲೀ ಕೊಡುವ ಉತ್ತರ ಹಲವರಿಗೆ ನೆನಪಿರಬಹುದು. ಮರ ತಿರುಗಿ ಹೊಡೆಯುವುದಿಲ್ಲವೆಂಬುದನ್ನು ಆತ ನೆನಪಿಸುತ್ತಾನೆ.

ತಿರುಗಿ ಹೊಡೆಯದಿದ್ದರೂ ಹಲಗೆ ಸುಳ್ಳಾಡುವುದಿಲ್ಲ. ಅದೇ ಅದರ ಗುಣ. ಸೌದೆ ಸೀಳಿದ ಪ್ರತಿಯೊಬ್ಬರಿಗೂ ಗೊತ್ತಿರುವಂತೆ, ಮರ ನಾರಿನ ಉದ್ದಕ್ಕೆ ಸೀಳುತ್ತದೆ, ಅಡ್ಡಕ್ಕೆ ಸೀಳದು. ಒಣಗಿದ ಹಲಗೆ ಒಡೆದಷ್ಟು ಸುಲಭವಾಗಿ ಹಸಿಯದು ಒಡೆಯದು. ಹೊಡೆತ ಬಿದ್ದೊಡನೆ ಹಲಗೆ ಬಿಲ್ಲಿನಂತೆ ಬಾಗುತ್ತದೆ: ಮುಂಬದಿ ಒತ್ತಿಕೊಳ್ಳುತ್ತದೆ, ಹಿಂಬದಿ ಹಿಗ್ಗುತ್ತದೆ, ಬಿರುಕು ಹುಟ್ಟುವುದು ಹಿಂಬದಿಯಲ್ಲಿ. ಗರಗಸ ಎಲ್ಲಿ ಗೀರಬೇಕೆಂಬುದು ಆ ಮಾಸ್ಟರಿಗೆ ತಿಳಿದಿತ್ತು.

ಮೈಕೇಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್ ಎಂಬ ಮೂವರು ಅಮೆರಿಕದ ಸಂಶೋಧಕರು ಈ ವಿದ್ಯೆಯನ್ನು ಅತಿವೇಗದ ಛಾಯಾಗ್ರಹಣದಿಂದ ಪರೀಕ್ಷಿಸಿ 1979ರ ಏಪ್ರಿಲ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದರು. ಅವರ ಲೆಕ್ಕದಂತೆ ಮರದ ಹಲಗೆ ಒಡೆಯಲು ಕೈ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಸಾಗಿದರೆ ಸಾಕು; ಹೊಸದಾಗಿ ಕಲಿಯುವವರೂ ಅಷ್ಟನ್ನು ಮುಟ್ಟಬಲ್ಲರು. ಕಾಂಕ್ರೀಟಿಗೆ 10 ಮೀಟರಿಗಿಂತ ಹೆಚ್ಚು ಬೇಕು. ನನ್ನ ಗಮನ ಸೆಳೆದದ್ದು ಇನ್ನೊಂದು ಮಾತು. ಕೈಗೆ ಅತ್ಯಧಿಕ ವೇಗ ಬರುವುದು ಅದು ಪೂರ್ತಿ ಚಾಚುವ ಮೊದಲು, ಮುಕ್ಕಾಲು ಪಾಲು ದೂರ ಸಾಗಿದಾಗ. ತುದಿ ಮುಟ್ಟುವಷ್ಟರಲ್ಲಿ ವೇಗ ಇಳಿದಿರುತ್ತದೆ. ಆದ್ದರಿಂದಲೇ ಹಲಗೆಗೆ ಹೊಡೆಯಬೇಡ, ಹಲಗೆಯ ಆಚೆಗೆ ಹೊಡೆ ಎಂದು ಮಾಸ್ಟರುಗಳು ಹೇಳುವುದು. ಹಲಗೆಯನ್ನೇ ಗುರಿಯಾಗಿಸಿಕೊಂಡವನ ಕೈ ಹಲಗೆ ಮುಟ್ಟುವಾಗ ನಿಲ್ಲಲು ಹವಣಿಸುತ್ತಿರುತ್ತದೆ. ಅಳುಕಿನಿಂದ ಕೊನೆಯ ಗಳಿಗೆಯಲ್ಲಿ ಹಿಂದೆಗೆದ ಕೈ ಹಲಗೆಯನ್ನು ಒಡೆಯದೆ ತಾನೇ ನೋಯುತ್ತದೆ.

ಇಲ್ಲಿ ಮೆಕ್‌ನೇರ್ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಭೌತವಿಜ್ಞಾನಿ, ಕರಾಟೆಯಲ್ಲಿ ಕಪ್ಪುಪಟ್ಟಿ ಪಡೆದವರು, ಗಗನಯಾತ್ರಿ; 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಗೊಂಡಾಗ ಮಡಿದ ಏಳು ಮಂದಿಯಲ್ಲಿ ಒಬ್ಬರು. 1959ರಲ್ಲಿ, ಒಂಬತ್ತು ವರ್ಷದ ಕಪ್ಪು ಹುಡುಗನಾಗಿದ್ದಾಗ, ತಮ್ಮೂರಾದ ಲೇಕ್ ಸಿಟಿಯ ಗ್ರಂಥಾಲಯದಲ್ಲಿ ಪುಸ್ತಕ ಕೇಳಿದರು. ಕೊಡಲಿಲ್ಲ. ಹುಡುಗ ಹೊರಡಲೂ ಇಲ್ಲ, ಕುಳಿತೇ ಇದ್ದ. ಪೊಲೀಸರನ್ನು ಕರೆಸಿದರು, ಕಡೆಗೆ ಪುಸ್ತಕ ಕೊಟ್ಟು ಕಳುಹಿಸಿದರು. ಆ ಕಟ್ಟಡಕ್ಕೆ ಈಗ ಅವರದೇ ಹೆಸರು. ಯಾವ ಹಲಗೆಯನ್ನೂ ಒಡೆಯದ ವಯಸ್ಸಿನಲ್ಲಿ ಆ ಹುಡುಗನಿಗೆ ಬಂದ ಸ್ಥೈರ್ಯವನ್ನು ಯಾವ ಮಾಸ್ಟರ್ ಕಲಿಸಿದ್ದರು?

ಇನ್ನು ಪ್ರಶ್ನೆಗೆ ಬರೋಣ. ನಂಬಿಕೆಯಿಲ್ಲದ ಕೈ ಹಿಂದೆಗೆಯುತ್ತದೆ, ಹಿಂದೆಗೆದ ಕೈ ಸೋಲುತ್ತದೆ. ಹಾಗಾದರೆ ಮೊದಲ ಸಲ ಮಗುವಿಗೆ ಆ ನಂಬಿಕೆಯನ್ನು ಹೇಗಾದರೂ ತಂದುಕೊಡುವುದು ಗುರುವಿನ ಧರ್ಮವಲ್ಲವೇ? ಮಾಸ್ಟರ್ ನನ್ನೊಡನೆ ವಾದಿಸಿದ್ದೂ ಹೀಗೆಯೇ. ಅವರನ್ನು ವಂಚಕರೆಂದು ಯಾರೂ ತಿಳಿಯಬಾರದು. ವಾರದಲ್ಲಿ ನಾಲ್ಕು ಶಾಲೆ ಸುತ್ತುತ್ತಾರೆ, ಒಂದೊಂದರಲ್ಲಿ ಒಂದೊಂದು ಗಂಟೆ. ಬೆರಳ ಗೆಣ್ಣುಗಳ ಮೇಲೆ ಇಪ್ಪತ್ತು ವರ್ಷದ ಜಡ್ಡು. "ಅಷ್ಟು ಜನದ ಮುಂದೆ ಹಲಗೆ ಒಡೀದೆ ಹೋದ್ರೆ ಮಗು ಒಡೆದುಹೋಗ್ತದೆ ಫಾದರ್" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ವರ್ಷ ನನ್ನನ್ನ ಕರೆಯೋದೂ ಆ ಚಪ್ಪಾಳೆ ಲೆಕ್ಕ ಹಾಕಿನೇ" ಎಂದೂ ಸೇರಿಸಿದರು. ಎರಡೂ ಮಾತು ನಿಜ. ಎರಡನೆಯದಕ್ಕೆ ಹೊಣೆ ಅವರೊಬ್ಬರಲ್ಲ, ಮುಂದಿನ ಸಾಲಿನಲ್ಲಿ ಕೂರುವ ನಮ್ಮಂಥವರು.

ಅವರ ಮೊದಲ ಮಾತಿನ ಪರವಾಗಿ ಒಬ್ಬ ದೊಡ್ಡ ಸಾಕ್ಷಿ ಇದ್ದಾರೆ. ಅಮೆರಿಕದ ತತ್ವಜ್ಞ ವಿಲಿಯಂ ಜೇಮ್ಸ್ 19ನೆಯ ಶತಮಾನದ ಕೊನೆಯಲ್ಲಿ ಒಂದು ದೃಷ್ಟಾಂತ ಕೊಟ್ಟರು. ಪರ್ವತಾರೋಹಿಯೊಬ್ಬ ಕಂದರವೊಂದನ್ನು ಹಾರಿ ದಾಟದೆ ಬೇರೆ ದಾರಿಯಿಲ್ಲದ ಸ್ಥಳದಲ್ಲಿ ಸಿಕ್ಕಿಕೊಂಡಿದ್ದಾನೆ. ಹಾರಬಲ್ಲೆನೆಂದು ನಂಬಿದರೆ ಕಾಲು ಗಟ್ಟಿಯಾಗಿ ದಾಟುತ್ತಾನೆ. ಸಂಶಯಪಟ್ಟು ತಡೆದು ನಿಂತರೆ ಕೊನೆಗೆ ಹತಾಶೆಯಿಂದ ಹಾರಿ ಕೆಳಗೆ ಬೀಳುತ್ತಾನೆ. ಕೆಲವು ಸತ್ಯಗಳು ನಂಬಿಕೆಯಿಂದಲೇ ಸತ್ಯವಾಗುತ್ತವೆ ಎಂಬುದು ಅವರ ತಾತ್ಪರ್ಯ. ಗುರುಮಠದಲ್ಲಿ ಓದಿದಾಗ ಈ ದೃಷ್ಟಾಂತ ನನ್ನನ್ನು ಬಹಳ ಸೆಳೆದಿತ್ತು. ಈಗ ಮತ್ತೆ ಓದುವಾಗ ಆಗ ಕಾಣದಿದ್ದ ಒಂದು ಸಂಗತಿ ಕಂಡಿತು. ಜೇಮ್ಸರ ಕಂದರ ಎಷ್ಟು ಅಗಲವಿತ್ತೋ ಅಷ್ಟೇ ಅಗಲವಿದೆ. ರಾತ್ರೋರಾತ್ರಿ ಯಾರೂ ಬಂದು ಅದನ್ನು ಕಿರಿದು ಮಾಡಿರಲಿಲ್ಲ. ಆ ಮನುಷ್ಯನ ನಂಬಿಕೆ ಅವನ ಕಾಲಿಗೆ ಬಲ ತಂದಿತು. ದೇವನೂರಿನ ಆ ಹಲಗೆ ಮಗುವಿನ ಕೈಗೆ ಯಾವ ಬಲವನ್ನೂ ತರಲಿಲ್ಲ, ಬಲವಿದೆಯೆಂಬ ಸುದ್ದಿಯನ್ನು ಮಾತ್ರ ತಂದಿತು.

ಇದಕ್ಕಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಧೈರ್ಯದಂತೆ ತೋರುವ, ಆದರೆ ಧೈರ್ಯವಲ್ಲದ ಐದು ಬಗೆಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಒಂದು, ಹಿಂದೆ ಹಲವು ಸಲ ಗೆದ್ದೆನೆಂಬ ಭರವಸೆಯಿಂದ ಬರುವುದು. ಇನ್ನೊಂದು, ಅಪಾಯದ ಅರಿವಿಲ್ಲದ್ದರಿಂದ ಬರುವುದು. ಈ ಕೊನೆಯದಕ್ಕೆ ಆತ ಕೊಡುವ ಉದಾಹರಣೆ ಅರ್ಗೋಸಿನ ಸೈನಿಕರದು. ಎದುರಿಗಿರುವವರು ಸಿಕ್ಯೋನ್ ಪಟ್ಟಣದವರೆಂದು ಬಗೆದು ಧೈರ್ಯವಾಗಿ ನುಗ್ಗಿದವರು, ಅವರು ಸ್ಪಾರ್ಟಾದವರೆಂದು ತಿಳಿದೊಡನೆ ಓಡಿದರು. ಅರಿವಿಲ್ಲದ ಧೈರ್ಯ ನಿಜ ತಿಳಿಯುವವರೆಗೆ ಮಾತ್ರ ನಿಲ್ಲುತ್ತದೆ. ಸಭಾಂಗಣದಲ್ಲಾದರೆ ನಿಜ ತಿಳಿದರೆ ಅವಮಾನ. ಕಬ್ಬಿನ ಗದ್ದೆಯ ದಾರಿಯಲ್ಲಿ ತಿಳಿದರೆ?

ಸುಳ್ಳಿನ ವಿಚಾರದಲ್ಲಿ ನಮ್ಮ ಪರಂಪರೆ ಕಠಿಣವಾದದ್ದು. ಸಂತ ಅಗುಸ್ತೀನರು ಸುಳ್ಳಿನ ಮೇಲೆಯೇ ಎರಡು ಪ್ರಬಂಧ ಬರೆದು, ಒಳಿತಿಗಾಗಿ ಆಡಿದ ಸುಳ್ಳನ್ನೂ ಒಪ್ಪಲಿಲ್ಲ. ಸಂತ ತೋಮಸ್ ಅಕ್ವಿನಾಸರು ಕೇಡಿನ ಸುಳ್ಳು, ಹಾಸ್ಯದ ಸುಳ್ಳು, ಉಪಕಾರದ ಸುಳ್ಳು ಎಂದು ಮೂರಾಗಿ ವಿಂಗಡಿಸಿ, ಉಪಕಾರದ್ದು ಹಗುರವಾದ ತಪ್ಪು, ಆದರೂ ತಪ್ಪೇ ಎಂದರು. ವಿದ್ಯಾರ್ಥಿಗಳಾಗಿದ್ದ ನಾವು ಇದನ್ನು ಮುರಿಯಲು ಎಷ್ಟೋ ಸಂಜೆ ವಾದ ಹೂಡಿದ್ದುಂಟು. ರೋಗಿಯ ಹಾಸಿಗೆಯ ಬಳಿ ನಿಂತು ಆಡುವ ಮಾತುಗಳನ್ನು ನೆನೆದರೆ ಇಂದಿಗೂ ನನಗೆ ಆ ಕಠಿಣತೆ ಪೂರ್ತಿ ದಕ್ಕುವುದಿಲ್ಲ. ಆದರೆ ಮಕ್ಕಳ ಹಲಗೆಯ ವಿಷಯದಲ್ಲಿ ಅವರಿಬ್ಬರ ಮಾತನ್ನು ಮೀರಲು ನನಗೆ ಕಾರಣ ಸಿಗಲಿಲ್ಲ. ಉಪಕಾರದ ಸುಳ್ಳಿನ ಉಪಕಾರ ಯಾರಿಗೆ ಆಯಿತೆಂದು ಕೇಳಿಕೊಂಡಾಗ ಬಂದ ಉತ್ತರ: ವೇದಿಕೆಗೆ, ಶಾಲೆಗೆ, ನನ್ನ ಮುಜುಗರಕ್ಕೆ.

ಹಾಗೆಂದು ಮಗುವಿಗೆ ಮೊದಲ ದಿನವೇ ಗಟ್ಟಿ ಹಲಗೆ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಬೆಳೆಯುವ ಮಕ್ಕಳ ಮೂಳೆ ಎಳೆಯದು. ಗೆಣ್ಣಿನಿಂದ ಬಲವಾಗಿ ಹೊಡೆಸುವುದನ್ನು ಎಚ್ಚರವುಳ್ಳ ಗುರುಗಳು ಮಾಡಿಸುವುದಿಲ್ಲ. ತೆಳುವಾದ ಹಲಗೆಗೂ ಗೀರಿದ ಹಲಗೆಗೂ ಇರುವ ಅಂತರವನ್ನು ನೋಡಿ. ನಮ್ಮ ಹಳ್ಳಿಗಳಲ್ಲಿ ನೀರು ಹೊರಲು ಕಲಿಯುವ ಹುಡುಗಿಗೆ ತಾಯಿ ಪುಟ್ಟ ಬಿಂದಿಗೆ ಕೊಡುತ್ತಿದ್ದಳು. ಬಿಂದಿಗೆ ಪುಟ್ಟದೆಂದು ಮಗುವಿಗೂ ಗೊತ್ತು, ದಾರಿಯಲ್ಲಿ ಕಂಡವರಿಗೂ ಗೊತ್ತು. ಆದರೆ ಅದರಲ್ಲಿ ಕಂಠದವರೆಗೂ ನೀರಿದೆ, ಹೊತ್ತ ಭಾರ ನಿಜವಾದ ಭಾರ. ದೊಡ್ಡ ಕೊಡವನ್ನು ಕೊಟ್ಟು, ಮಗು ಅತ್ತ ತಿರುಗಿದಾಗ ಅದರ ನೀರನ್ನು ಚೆಲ್ಲಿ, ಆಹಾ ದೊಡ್ಡ ಕೊಡ ಹೊತ್ತಳು ಎಂದು ಹೊಗಳಿದ ತಾಯಿಯನ್ನು ನಾನು ಕಾಣೆ. ಅಂಥ ಮಗಳು ಮರುದಿನ ತುಂಬಿದ ಕೊಡ ಎತ್ತಲು ಹೋಗಿ ಸೊಂಟ ಉಳುಕಿಸಿಕೊಳ್ಳುತ್ತಾಳೆ. ಗುರುವಿನ ಕರುಣೆ ಹಲಗೆಯ ದಪ್ಪದಲ್ಲಿರಬಹುದು, ಗರಗಸದಲ್ಲಿ ಇರಲಾಗದು. ಅರ್ಧ ಅಂಗುಲದ ಹಲಗೆ ಒಡೆದವಳು ಅರ್ಧ ಅಂಗುಲದ್ದನ್ನು ಒಡೆದದ್ದು ಸತ್ಯ.

ಗೀರಿದ ಹಲಗೆಗಳು ಕರಾಟೆಯಲ್ಲಿ ಮಾತ್ರ ಇವೆಯೇ? ವಿಜ್ಞಾನ ಪ್ರದರ್ಶನದ ಮಾದರಿಯನ್ನು ಅಪ್ಪ ಮಾಡಿಕೊಡುತ್ತಾನೆ, ಮಗ ಬಹುಮಾನ ತರುತ್ತಾನೆ. ಧರ್ಮೋಪದೇಶದ ಪರೀಕ್ಷೆಗೆ ಪ್ರಶ್ನೆಗಳನ್ನು ಹಿಂದಿನ ದಿನವೇ ಹೇಳಿಕೊಟ್ಟು, ನಮ್ಮ ಧರ್ಮಕೇಂದ್ರಕ್ಕೆ ಮೊದಲ ಸ್ಥಾನ ಬಂತೆಂದು ಹಿಗ್ಗಿದ ಪಾಪ ನನ್ನದೂ ಉಂಟು.

ನಮ್ಮ ಮೈಸೂರು ಸೀಮೆಯಲ್ಲಿ ಬಲವನ್ನು ಪರೀಕ್ಷಿಸುವ ಹಳೆಯ ರೀತಿಗಳಿದ್ದವು, ಇಂದಿಗೂ ಇವೆ. ದೇವನೂರಿರುವ ತಾಲ್ಲೂಕಿನಲ್ಲಿಯೇ ಕಪಿಲೆಯ ದಡದ ಸುತ್ತೂರು ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದೆ. ಮಣ್ಣಿನಲ್ಲಿ ಬೆನ್ನು ತಾಗಿತೋ ಇಲ್ಲವೋ ಎಂಬುದನ್ನು ಸುತ್ತ ನಿಂತ ಸಾವಿರ ಕಣ್ಣು ನೋಡುತ್ತವೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿ, ಮುಷ್ಟಿಗೆ ಮೊನೆಯುಳ್ಳ ಆಯುಧ ಧರಿಸಿ ಇಬ್ಬರು ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ರಕ್ತ ಸುರಿಸುವ ಆ ಪದ್ಧತಿ ನನಗೆ ಒಗ್ಗುವುದಿಲ್ಲ, ಅದನ್ನು ಮರೆಮಾಚಲಾರೆ. ಆದರೆ ಅಲ್ಲಿ ನಿಂತವನಿಗೆ ತನ್ನ ಬಲವೆಷ್ಟು, ಎದುರಾಳಿಯ ಬಲವೆಷ್ಟು ಎಂಬ ವಿಷಯದಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ.

ಹೆಣ್ಣುಮಕ್ಕಳ ಆತ್ಮರಕ್ಷಣೆಯ ಮಾತು ಬಂದಾಗ ನಾವು ಒನಕೆ ಓಬವ್ವಳ ಹೆಸರೆತ್ತುತ್ತೇವೆ. ವಸತಿ ಶಾಲೆಗಳ ಹುಡುಗಿಯರಿಗೆ ಸರ್ಕಾರವೂ ಅವಳ ಹೆಸರಿನಲ್ಲಿಯೇ ತರಬೇತಿ ಆರಂಭಿಸಿತು. 2021ರಿಂದ ನವೆಂಬರ್ 11ರಂದು ಅವಳ ಜಯಂತಿಯೂ ನಡೆಯುತ್ತಿದೆ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಕೆಡವಿದ ಕಥೆ ಕೇಳದ ಕನ್ನಡ ಮಗುವಿಲ್ಲ. ನನಗೆ ಆ ಕಥೆಯಲ್ಲಿ ಈಗ ಹೊಸದಾಗಿ ಕಾಣುವುದು ಆ ಒನಕೆ. ಅವಳಿಗೆ ಯಾರೂ ಯುದ್ಧ ಕಲಿಸಿರಲಿಲ್ಲ ಎನ್ನುತ್ತೇವೆ. ಆದರೆ ವರ್ಷಗಟ್ಟಲೆ ಒರಳಿನಲ್ಲಿ ಭತ್ತ ಕುಟ್ಟಿದ ತೋಳು ಅದು. ಒರಳು ಎಂದೂ ಅವಳ ಮನಸ್ಸು ನೋಯದಿರಲೆಂದು ಮೆತ್ತಗಾಗಿರಲಿಲ್ಲ.

ಕ್ರೈಸ್ತ ಗುರುವಾದ ನಾನು ಹೊಡೆಯುವ ವಿದ್ಯೆಯ ಹಲಗೆ ಹಿಡಿಯಲು ಹೋದದ್ದೇ ತಪ್ಪು, ಇನ್ನೊಂದು ಕೆನ್ನೆ ತೋರಿಸೆಂದು ಬೋಧಿಸುವವರಿಗೆ ಇದು ತಕ್ಕುದಲ್ಲ ಎಂದು ನಮ್ಮಲ್ಲಿ ಒಬ್ಬ ಹಿರಿಯರು ಆಕ್ಷೇಪಿಸಿದರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಹೆದರಿ ಮೂಲೆಗೆ ಒತ್ತಿಕೊಂಡವಳು ಕೆನ್ನೆಯನ್ನು ಒಡ್ಡುವುದಿಲ್ಲ. ಅವಳ ಕೆನ್ನೆ ಅಲ್ಲಿ ಸಿಕ್ಕಿಬಿದ್ದಿರುತ್ತದೆ. ಒಡ್ಡುವುದು ನಿಲ್ಲಬಲ್ಲವರ ಕೆಲಸ. ಪ್ರಧಾನ ಯಾಜಕನ ಮನೆಯಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ಏಕೆ ಹೊಡೆದೆಯೆಂದು ಅವನನ್ನೇ ಕೇಳಿದರೆಂದು ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಧೈರ್ಯದ ಮುಖ್ಯ ಕಾರ್ಯ ಮೇಲೆರಗುವುದಕ್ಕಿಂತ ತಾಳಿ ನಿಲ್ಲುವುದು ಎಂದು ಸಂತ ತೋಮಸರು ಎಣಿಸಿದ್ದಕ್ಕೆ ಇದಕ್ಕಿಂತ ಮಿಗಿಲಾದ ಚಿತ್ರ ಬೇಡ. ಹಲಗೆ ಒಡೆಯುವ ಅಭ್ಯಾಸದಲ್ಲಿಯೂ ಮಗು ನಿಜವಾಗಿ ಕಲಿಯುವುದು ಒಡೆದ ದಿನವಲ್ಲ, ಒಡೆಯದೆ ಕೈ ಕೆಂಪಾಗಿ ನಾಳೆ ಮತ್ತೆ ಬಂದು ನಿಂತ ದಿನ ಎಂದು ನನಗೆ ತೋರುತ್ತದೆ. ಗೀರಿದ ಹಲಗೆ ಆ ದಿನವನ್ನೇ ಮಗುವಿನಿಂದ ಕದ್ದುಕೊಂಡಿತು.

ರಸಬಾಳೆ ತಂದ ತಾಯಿಗೆ ಆ ಕ್ಷಣ ನಾನು ಏನೂ ಹೇಳಲಿಲ್ಲ. ಮೂರು ದಿನ ತಡೆದೆ. ಪಾಪನಿವೇದನೆ ಕೇಳುವ ಪೀಠದಲ್ಲಿ ಕೂರುವವನಿಗೆ ತನ್ನ ಸರದಿ ಬಂದಾಗ ಎಷ್ಟು ನೆಪ ಸಿಗುತ್ತವೆಯೋ! ನಾಲ್ಕನೆಯ ದಿನ ಶಾಲೆಗೆ ಹೋಗಿ, ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು, ಗೀರು ಇದ್ದದ್ದನ್ನೂ ನಾನು ಕಂಡದ್ದನ್ನೂ ಹೇಳಿದೆ. ಮಾಸ್ಟರರನ್ನು ದೂರಲಿಲ್ಲ, ಅವರು ಗೀರಿದ್ದರು, ನಾನು ಮುಚ್ಚಿದ್ದೆ. ತಾಯಿ ಮೊದಲು ಅರ್ಥವಾಗದವರಂತೆ ನಕ್ಕರು. ಹುಡುಗಿ ನಗಲಿಲ್ಲ. ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಿದ್ದು, "ಮತ್ತೆ ನೀವ್ಯಾಕೆ ಚಪ್ಪಾಳೆ ತಟ್ಟಿದ್ರಿ ಫಾದರ್?" ಎಂದು ಕೇಳಿದಳು. ಈ ಮೂವತ್ತು ವರ್ಷಗಳಲ್ಲಿ ಪೀಠದ ಮೇಲಿಂದ ಮಾತಾಡಿ ಮಾತಾಡಿ ಪಳಗಿದ ನನ್ನ ನಾಲಿಗೆಗೆ ಒಂದು ಪದವೂ ಒದಗಲಿಲ್ಲ. ತಪ್ಪಾಯಿತಮ್ಮ ಎಂದಷ್ಟೇ ಹೇಳಿದೆ.

ಎರಡು ವಾರ ಅವಳು ಕರಾಟೆಗೆ ಬರಲಿಲ್ಲ. ಮಾಸ್ಟರ್ ಹೇಳಿದಂತೆ ಮಗುವೇ ಒಡೆದುಹೋಯಿತೇನೋ ಎಂದು ನಾನು ಕಂಗಾಲಾದೆ. ಸತ್ಯ ಹೇಳಿ ಕೆಡಿಸಿದೆನೇ ಎಂದೂ ಅನ್ನಿಸಿತು. ಹಾಗಾಗಿದ್ದರೆ ಈ ಲೇಖನವನ್ನು ಇಷ್ಟು ನೆಮ್ಮದಿಯಿಂದ ಬರೆಯುತ್ತಿದ್ದೆನೆಂದು ಹೇಳಲಾರೆ. ಮೂರನೆಯ ವಾರ ಬಂದಳು. ಮಾಸ್ಟರ್ ಅರ್ಧ ಅಂಗುಲದ ಹಲಗೆ ತಂದಿದ್ದರು. ಅವಳು ಅದನ್ನು ಅವರ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಹಿಂಬದಿಯ ಮೇಲೆ ಹೆಬ್ಬೆರಳು ಒತ್ತಿ ಅಂಚಿನಿಂದ ಅಂಚಿಗೆ ಸವರಿ ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. ಮೊದಲ ಪೆಟ್ಟಿಗೆ ಒಡೆಯಲಿಲ್ಲ. ಎರಡನೆಯದಕ್ಕೂ ಇಲ್ಲ, ಕಣ್ಣಲ್ಲಿ ನೀರು ಬಂತು. ಇವತ್ತಿಗೆ ಸಾಕು ಎಂದರು ಮಾಸ್ಟರ್. ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರ, ಅಂಗಳದಲ್ಲಿ ಹತ್ತು ಹನ್ನೆರಡು ಮಕ್ಕಳ ಹೊರತು ಯಾರೂ ಇಲ್ಲದಾಗ, ಒಡೆಯಿತು. ಸದ್ದು ಬೇರೆಯಾಗಿತ್ತು, ಹಿಡಿದಿದ್ದ ನನ್ನ ಮೊಣಕೈವರೆಗೂ ಜುಮ್ಮೆಂದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮಾಸ್ಟರ್ ಆಗಲೇ ಮುಂದಿನ ಮಗುವನ್ನು ಕರೆದಿದ್ದರು. ಈಗ ಅವರ ತರಗತಿಯಲ್ಲಿ ಹೊಡೆಯುವ ಮೊದಲು ಹಲಗೆಯ ಎರಡೂ ಬದಿಯನ್ನು ಎಲ್ಲರಿಗೂ ತೋರಿಸುತ್ತಾರೆ. ಹೋದ ವಾರ್ಷಿಕೋತ್ಸವದಲ್ಲಿ ಇಬ್ಬರು ಮಕ್ಕಳ ಹಲಗೆ ಒಡೆಯಲಿಲ್ಲ, ಕೋಲಾಟದವರು ಸ್ವಲ್ಪ ಹೊತ್ತು ಕಾಯಬೇಕಾಯಿತು.

ಒಂದು ಅಂಗುಲದ ಹಲಗೆ ಅವಳಿಂದ ಇನ್ನೂ ಒಡೆದಿಲ್ಲ. ಅದು ನನ್ನ ಬೀರುವಿನ ಮೇಲಿದೆ, ಇಟ್ಟುಕೊಂಡಿರಿ ಎಂದು ಅವಳೇ ಕೊಟ್ಟದ್ದು. ಮೊನ್ನೆ ಸಂಜೆ ಆ ಕಡೆ ಹೋಗಿದ್ದಾಗ ಬಸ್ಸು ನಿಲ್ಲುವಲ್ಲಿ ತಾಯಿ ಟಾರ್ಚು ಹಿಡಿದು ನಿಂತಿ​ದ್ದರು. ಬಸ್ಸಿಳಿದ ಮಗಳು ಚೀಲವನ್ನು ತಾಯಿಯ ಹೆಗಲಿಗೆ ದಾಟಿಸಿ ಟಾರ್ಚನ್ನು ತಾನು ತೆಗೆದುಕೊಂಡಳು. ಇಬ್ಬರೂ ಕಬ್ಬಿನ ನಡುವಿನ ದಾರಿ ಹಿಡಿದರು.